ಕ್ಯಾಮೆರಾದ ಹಿಂದಿನ ದನಿ

ಶೇಖವ್ವ ಸಿಂದಗಿ ಕಡೆಯವಳು. ಪೀಣ್ಯದ ಸಣ್ಣದೊಂದು ಕಾರ್ಖಾನೆಯಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಅವಳ ಸುತ್ತು ತಪ್ಪಿದ್ದನ್ನು ಕಂಡವರಿಲ್ಲ. ಆದರೆ ಅವಳು ಬಾಯಿ ತೆರೆದರೆ ಸಾಕು, ಪಕ್ಕದ ಬೆಂಚಿನ ನಂದೀಶ "ಹ್ಯಾಂಗದೀರಿ ಬೇ? ಆರಾಮ ಏನ್ರಿ?" ಎಂದು ಅಣಕಿಸುತ್ತಿದ್ದ. ಉಳಿದವರು ನಗುತ್ತಿದ್ದರು. ದ್ವೇಷವೇನಿರಲಿಲ್ಲ. ಆದರೂ ದಿನಾ ನಗೆಗೀಡಾಗುವುದು ಯಾರಿಗೆ ಬೇಕು? ಬರಬರುತ್ತಾ ಅವಳು ಮಾತೇ ಕಡಿಮೆ ಮಾಡಿದಳು.

೧೯೯೭ರಲ್ಲಿ ಬಡಾವಣೆಯ ಮಹಿಳಾ ಸಂಘದ ಹೇಮಲತಾ ಮೇಡಂ ಗೆಳತಿಯೊಬ್ಬಳಿಂದ ವಿಡಿಯೋ ಕ್ಯಾಮೆರಾ ತಂದರು. ಸಂಘದ ಆರು ಹೆಂಗಸರು ತಲಾ ಐದು ನಿಮಿಷದ ಚಿತ್ರ ಮಾಡಬೇಕು. 'ನಾನು ಯಾರು, ಎಲ್ಲಿಯವಳು' ಎನ್ನುವುದೇ ವಿಷಯ. ಶೇಖವ್ವ ಎರಡು ಹಾಳೆ ಮಾತು ಬರೆದಿಟ್ಟುಕೊಂಡಳು, ರೇಡಿಯೋದಲ್ಲಿ ವಾರ್ತೆ ಓದುವವರ ಕನ್ನಡದಲ್ಲಿ.

ಭಾನುವಾರ ಬೆಳಿಗ್ಗೆ ಕ್ಯಾಮೆರಾ ಅವಳ ಕೈಗೆ ಬಂತು. ಬಾಡಿಗೆ ಮನೆಯ ಒಡತಿ ಕೃಷ್ಣಮ್ಮನೂ ನೋಡುವ ಆಸೆಗೆ ಜೊತೆಯಲ್ಲಿ ಹೊರಟರು. ಶೇಖವ್ವ ಕಾರ್ಖಾನೆಯ ಗೇಟನ್ನು ಚಿತ್ರಿಸುತ್ತಿದ್ದಾಗ ಹೊಸ ಕಾವಲುಗಾರ ಓಡಿಬಂದ.

"ಏಯ್, ಬಂದ್ ಮಾಡಿ ಅದನ್ನ! ಇಲ್ಲೇನ್ ನಿಮ್ದು?"

ಕೃಷ್ಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ನಮ್ದೇನು ಅಂತೀಯಾ? ಈ ಗೇಟೈತಲ್ಲ, ಇಲ್ಲಿ ನಮ್ ಒಲ ಇತ್ತು. ಆ ಟ್ಯಾಂಕಿತಾವ ಬಾವಿ. ಮದ್ವೆಯಾಗಿ ಬಂದ್ ವರ್ಸ ಇಲ್ಲೇ ರಾಗಿ ಕುಯ್ದಿವ್ನಿ ಕಣಯ್ಯ!"

ಕಾವಲುಗಾರ ತಬ್ಬಿಬ್ಬಾಗಿ ಶೇಖವ್ವನ ಕಡೆ ತಿರುಗಿದ. "ಸರಿ, ನೀವ್ಯಾರು?"

"ನಾನಾ? ಒಳಗ ಮೋಟಾರ ಸುತ್ತಾಕಿ! ಇವರು ರಾಗಿ ಬೆಳದ ನೆಲದಾಗ ನಾ ಮೋಟಾರ ಬೆಳೀತೀನಿ, ತಿಳೀತ?"

ಸಿಟ್ಟಿನಲ್ಲಿ ತನ್ನ ಮಾತು ತಾನಾಗಿ ಬಂದುಬಿಟ್ಟಿತ್ತು. ಕ್ಯಾಮೆರಾ ಓಡುತ್ತಲೇ ಇತ್ತು. ಅದರೊಳಗೆ ಕೃಷ್ಣಮ್ಮನ ಮುಖ ಅರಳಿತು. "ಅಂಗೇಳು ಮಗ್ಳೆ!"

ಸಂಜೆ ಸಂಘದಲ್ಲಿ ಟೇಪು ನೋಡಿ ಮುಗಿಸಿದ ಹೇಮಲತಾ, "ನೀವು ಬರ್ಕೊಂಡಿದ್ದನ್ನ ಎಲ್ಲಿ ಸೇರಿಸೋಣ?" ಎಂದರು.

ಶೇಖವ್ವ ಹಾಳೆ ಮಡಚಿದಳು. "ಅದು ಬ್ಯಾಡ್ರಿ ಮೇಡಂ. ಗೇಟಿನ ಮುಂದ ಆಡಿದ್ದ ಇರಲಿ."

ಎರಡು ವಾರದ ಮೇಲೆ ಶಾಲೆಯ ಹಾಲಿನಲ್ಲಿ ಟಿ.ವಿ. ಇಟ್ಟು ಚಿತ್ರಗಳನ್ನು ತೋರಿಸಿದರು. ಕಾರ್ಖಾನೆಯವರೂ ಬಂದಿದ್ದರು. ಶೇಖವ್ವನ ಚಿತ್ರ ಎನ್ನುತ್ತಲೇ ಹಿಂದಿನ ಸಾಲಿನಲ್ಲಿ ಕೆಲವರು ಕಿಸಕ್ಕೆಂದರು. ಕೃಷ್ಣಮ್ಮ ಬಾವಿಯ ಮಾತೆತ್ತಿದಾಗ ಊರಿನ ಮುದುಕರು, "ಊಂ, ಅಲ್ಲೇ ಇತ್ತು" ಎಂದು ನೆಟ್ಟಗೆ ಕೂತರು. 'ನಾ ಮೋಟಾರ ಬೆಳೀತೀನಿ' ಎಂಬ ಮಾತು ಬಂತು. ಯಾರೂ ನಗಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಗೆ ಮುಂದಿನ ಚಿತ್ರ ಹಾಕುವುದೇ ತಡವಾಯಿತು.

ಹೊರಗೆ ನಂದೀಶ ಎದುರಾದ. "ಶೇಖವ್ವ, ಇನ್ನೊಂದ್ಸಲ ಹಾಕ್ಸಿ. ನಮ್ಮಮ್ಮನ್ನ ಕರ್ಕೊಂಡ್ಬರ್ತೀನಿ. ಅವ್ರ ತವರೂ ಇಲ್ಲೇ ಇತ್ತು, ಈಗ ಗೋಡೌನ್ ಆಗೈತೆ."

"ಕರಕೊಂಡ ಬಾ," ಎಂದಳು ಶೇಖವ್ವ. "ಮುಂದಿನ ಸಾಲಿನ್ಯಾಗ ಕೂಡಸ್ತೀನಿ."

ಮುಂದಿನ ತಿಂಗಳು ಹೊಸದಾಗಿ ಸೇರಿದ ಹೆಂಗಸರಿಗೆ ಕ್ಯಾಮೆರಾ ಕಲಿಸುವ ಕೆಲಸ ಅವಳಿಗೇ ಬಂತು. "ಕೈ ನಡಗಸಬ್ಯಾಡ್ರಿ, ಮೊಣಕೈ ಮೈಗೆ ಆನಸ್ಕೋರಿ" ಎಂದು ಹೇಳಿಕೊಟ್ಟಳು. ಯಾರಿಗಾದರೂ ಮಾತು ಅರ್ಥವಾಗದಿದ್ದರೆ ಬದಲಿಸುತ್ತಿರಲಿಲ್ಲ. ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳುತ್ತಿದ್ದಳು.