ಹಿರಿಯೂರಿಗೆ ಮುಂಚೆಯೇ ನಿಂತ ಕಾರು

ಕತ್ತಲಗೆರೆಯ ಒಂದೇ ಬೀದಿಯಲ್ಲಿ, ಎದುರುಬದುರು ಮನೆಗಳಲ್ಲಿ, ಇಬ್ಬರು ವಾರಗಿತ್ತಿಯರಿದ್ದಾರೆ. ದೊಡ್ಡವಳು ಅನಿತಾ, ಮನೆಯಲ್ಲೇ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾಳೆ. ಚಿಕ್ಕವಳು ಕಾವ್ಯಶ್ರೀ, ಚನ್ನಗಿರಿಯ ಆಫೀಸೊಂದರಲ್ಲಿ ಕೆಲಸ ಮಾಡುತ್ತಾಳೆ. ಅವರ ಗಂಡಂದಿರು ಸಿದ್ದು ಮತ್ತು ರಂಗನಾಥ್ ಅಣ್ಣತಮ್ಮಂದಿರು. ಅತ್ತೆ ಶಂಕರಮ್ಮ ಇರುವುದು ದೊಡ್ಡ ಮಗನ ಮನೆಯಲ್ಲಿ.

ಮೊದಲು ಶಂಕರಮ್ಮನನ್ನು ಎಲ್ಲಿಗಾದರೂ ಕರೆದುಕೊಂಡು ಹೋಗಬೇಕೆಂದರೆ ದೊಡ್ಡ ಪಾಡು. ಮಂಡಿ ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗುವುದಿಲ್ಲ. ಹೋದ ವರ್ಷ ಕಾವ್ಯಶ್ರೀ ಕಾರು ತಂದಳು. ಆ ಪಾಡು ಮುಗಿಯಿತು. ಅನಿತಾಳ ಪಾಡು ಶುರುವಾಯಿತು.

"ಹೊನ್ನಾಳಿ ಬಂದಿದ್ದೇ ಗೊತ್ತಾಗ್ಲಿಲ್ಲ ಕಣೇ ಅನಿತಾ, ತೊಟ್ಲು ತೂಗಿದಂಗಾತು!" ಎಂದು ಶಂಕರಮ್ಮ ಬಂದು ಹೇಳುವುದು. ಇವಳು ಒಲೆ ಮೇಲಿನ ಪಾತ್ರೆಯನ್ನು ದಡಕ್ಕನೆ ಇಳಿಸುವುದು. ನ್ಯಾಮತಿಯ ಮದುವೆಗೆ ಶಂಕರಮ್ಮ ಮುಂದಿನ ಸೀಟಿನಲ್ಲಿ ಕೂತು ಹೋದರು. ಅನಿತಾ ಹಿಂದಿನ ಸೀಟಿನಲ್ಲಿ ಸೀರೆಗಂಟುಗಳ ಜೊತೆ ಕೂತಿದ್ದಳು. ಎಲ್ಲರೂ ಹಿಂದಿನಿಂದ ಇಳಿದವಳನ್ನು ಬಿಟ್ಟು, ಕಾರು ಓಡಿಸಿಕೊಂಡು ಬಂದವಳನ್ನೇ ಮಾತಾಡಿಸಿದರು.

ಅನಿತಾ ಯಾರಿಗೂ ಹೇಳದೆ ಚನ್ನಗಿರಿಯ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಲೈಸೆನ್ಸೂ ಬಂತು. ಬೆಂಗಳೂರಿನಲ್ಲಿ ಹಳೆಯದೊಂದು ಕಾರು ಇದೆ ಎಂದು ಪರಿಚಯದವರು ಹೇಳಿದ್ದೇ ತಡ, ಫೋಟೋ ನೋಡಿಯೇ ಒಪ್ಪಿಬಿಟ್ಟಳು. ಕೆಂಪು ಬಣ್ಣ. ಕಾವ್ಯಶ್ರೀಯದು ಬೂದು ಬಣ್ಣದ್ದು.

ಹೊರಡುವ ಹಿಂದಿನ ದಿನ ಕಾವ್ಯಶ್ರೀ ಬಾಗಿಲಿಗೆ ಬಂದಳು.

"ಅಕ್ಕ, ಹಳೇ ಗಾಡಿ ಐತೆ. ಅಲ್ಲೇ ಒಬ್ಬ ಮೆಕ್ಯಾನಿಕ್‌ಗೆ ತೋರ್ಸಿ ಆಮೇಲೆ ಹೊರಡ್ರಿ. ಟೈರು ಯಾವ ವರ್ಷದ್ದು ಅಂತ ನೋಡ್ರಿ. ಬೇಕಂದ್ರೆ ನಾನೂ ಬರ್ತೀನಿ, ಇಬ್ರೂ ಬದಲಾಯ್ಸಿ ಓಡಿಸ್ಕಂಡು ಬರಬೌದು."

"ಯಾಕವ್ವ, ನನಗೆ ಓಡಿಸಾಕೆ ಬರಲ್ಲ ಅಂದ್ಕಂಡ್ಯಾ?"

"ಹಂಗಲ್ಲಕ್ಕ..."

"ಬ್ಯಾಡ ಬಿಡು. ನಿನಗೆ ರಜೆ ಹಾಳು."

ಅವಳು ಹೋದ ಮೇಲೆ ಅನಿತಾ ಗಂಡನಿಗೆ ಹೇಳಿದಳು: "ನೋಡಿದ್ರಾ? ನಾನು ಕಾರು ತರೋದನ್ನ ಸಹಿಸಾಕೆ ಆಗವಲ್ದು ಅವ್ಳಿಗೆ. ನನ್ನ ಕಾರಲ್ಲಿ ತಾನು ಸ್ಟೇರಿಂಗ್ ಹಿಡ್ಕಂಡು ಊರೊಳಗೆ ಬರಬೇಕಂತೆ!"

ಸಿದ್ದುವಿಗೆ ಬೈಕು ಬಿಟ್ಟರೆ ಬೇರೆ ಓಡಿಸಲು ಬಾರದು.

ಮರುದಿನ ಗಂಡಹೆಂಡತಿ ಬೆಳಗಿನ ಜಾವದ ಬಸ್ಸಿಗೆ ಬೆಂಗಳೂರಿಗೆ ಹೋದರು. ಕಾರು ಮಾರುವವರು ತಿಪ್ಪೇರುದ್ರಸ್ವಾಮಿ ಎಂಬ ಹಿರಿಯರು, ಒಳ್ಳೆಯ ಜನ. ಏನನ್ನೂ ಮುಚ್ಚಿಡಲಿಲ್ಲ. "ತುಂಬಾ ದಿನದಿಂದ ನಿಂತಲ್ಲೇ ನಿಂತಿದೆಯಮ್ಮ. ದೂರ ಹೋಗೋದಕ್ಕೆ ಮುಂಚೆ ಗ್ಯಾರೇಜಲ್ಲಿ ಒಂದ್ಸಲ ನೋಡಿಸಿ. ನಮ್ಮ ಬೀದಿಯಲ್ಲೇ ಇದೆ. ಸಂಜೆ ಆಗುತ್ತೆ, ಅಲ್ಲೀವರೆಗೂ ಊಟ ಮಾಡ್ಕೊಂಡು ಇಲ್ಲೇ ಇರಿ."

ಸಂಜೆ! ಕಾವ್ಯಶ್ರೀ ಆಫೀಸಿನಿಂದ ಬರುವ ಹೊತ್ತಿಗೆ ಕೆಂಪು ಕಾರು ಬಾಗಿಲಲ್ಲಿ ನಿಂತಿರಬೇಕು ಎಂಬುದು ಅನಿತಾಳ ಲೆಕ್ಕ. "ಪರವಾಗಿಲ್ಲ ಸಾರ್, ನಮ್ಮೂರಲ್ಲೇ ತೋರಿಸ್ತೀವಿ," ಎಂದು ಹೊರಟೇಬಿಟ್ಟಳು.

ತುಮಕೂರು ದಾಟಿದರು. ಶಿರಾ ದಾಟಿದರು. ಎಲ್ಲೂ ನಿಲ್ಲಿಸಲಿಲ್ಲ, ಟೀ ಕುಡಿಯಲಿಲ್ಲ. ಅಲ್ಲಿಂದ ಸ್ವಲ್ಪ ಮುಂದೆ ಸಿದ್ದು ಇಂಜಿನ್ ಬಿಸಿ ತೋರಿಸುವ ಮುಳ್ಳನ್ನು ಬಗ್ಗಿ ನೋಡಿದ.

"ಅನಿತಾ, ಈ ಮುಳ್ಳು ಮೇಲಕ್ಕೆ ಹೊಂಟೈತಲ್ಲ? ಪಕ್ಕದಾಗೆ ಕೆಂಪು ದೀಪನೂ ಬಂದೈತೆ."

"ಬಿಸಿಲಿಗೆ ಹಂಗಾಗುತ್ತೆ ಸುಮ್ನಿರ್ರಿ."

"ನಿಲ್ಸಿ ನೋಡಾಣ."

"ಇಲ್ಲಿ ನಿಂತ್ರೆ ಊರಿಗೆ ಹೋಗೋದು ಯಾವಾಗ? ಅವ್ಳು ನಮಗಿಂತ ಮುಂಚೆ ಬಂದು ಕುಂತಿರ್ತಾಳೆ!"

ಮುಳ್ಳು ತುದಿ ಮುಟ್ಟಿತು. ಸುಟ್ಟ ವಾಸನೆ ಬಂತು. ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದು ಎದುರಿನ ರಸ್ತೆಯೇ ಕಾಣದಂತಾಯಿತು. ಅನಿತಾ ಹೇಗೋ ಕಾರನ್ನು ಎಡಕ್ಕೆ ತಂದು ನಿಲ್ಲಿಸಿದಳು. ಇನ್ನೂ ಹಿರಿಯೂರು ಬಂದಿರಲಿಲ್ಲ.

ಸಿದ್ದು ಇಳಿದವನೇ ಬಾನೆಟ್ ಎತ್ತಿದ. ನೀರು ಹಾಕೋಣವೆಂದು ಟವೆಲ್ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ. ಕುದಿಯುತ್ತಿದ್ದ ನೀರು ಬುಸ್ಸೆಂದು ಚಿಮ್ಮಿ ಅವನ ಬಲಗೈ, ಕುತ್ತಿಗೆಯ ಮೇಲೆ ಬಿತ್ತು.

ಅವನ ಕೂಗಿಗೆ ಪಕ್ಕದ ಡಾಬಾದವರು ಓಡಿ ಬಂದರು. ಯಾರೋ ಟೂತ್‌ಪೇಸ್ಟ್ ತಂದರು. "ಅದೆಲ್ಲ ಹಚ್ಚಬ್ಯಾಡ್ರಿ, ತಣ್ಣೀರು ಬಿಡ್ರಿ, ನಲ್ಲಿ ಕೆಳಗೆ ಹಿಡೀರಿ," ಎಂದು ಊಟಕ್ಕೆ ನಿಂತಿದ್ದ ಒಬ್ಬ ಹೆಂಗಸು ಗದರಿದಳು. 108ಕ್ಕೆ ಫೋನ್ ಮಾಡಿದರು.

ಆಗಲೇ ಅನಿತಾಳ ಫೋನ್ ಹೊಡೆದುಕೊಂಡಿತು. ಕಾವ್ಯಶ್ರೀ. ಅನಿತಾ ಎತ್ತಲಿಲ್ಲ. ಮತ್ತೆ ಹೊಡೆದುಕೊಂಡಿತು. ಈ ಸ್ಥಿತಿಯಲ್ಲೂ ಅವಳ ಮನಸ್ಸು ಹೇಳುತ್ತಿತ್ತು: ಕಾವ್ಯಶ್ರೀಗೆ ಮಾತ್ರ ಗೊತ್ತಾಗುವುದು ಬೇಡ. ನಲ್ಲಿಯ ಕೆಳಗೆ ಕೈ ಹಿಡಿದು, ಹಲ್ಲು ಕಚ್ಚಿಕೊಂಡು ಕೂತಿದ್ದ ಸಿದ್ದು ಅವಳ ಮುಖ ನೋಡಿದ.

"ಎತ್ತೇ, ನಿನಗೆ ಕೈ ಮುಗೀತೀನಿ."

ಎತ್ತಿದಳು. ಅಳುತ್ತಲೇ ಆದದ್ದನ್ನೆಲ್ಲ ಹೇಳಿದಳು.

ಸಂಜೆ ಹಿರಿಯೂರಿನ ಆಸ್ಪತ್ರೆಗೆ ಕಾವ್ಯಶ್ರೀ, ರಂಗನಾಥ್ ಇಬ್ಬರೂ ಬಂದರು. ಚರ್ಮ ಬೊಬ್ಬೆ ಎದ್ದಿದೆ, ಕಣ್ಣಿಗೇನೂ ಆಗಿಲ್ಲ, ಬೇಗ ತಣ್ಣೀರು ಬಿಟ್ಟಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ರಂಗನಾಥ್ ಅಣ್ಣನ ಬಳಿ ಕೂತ. ವಾರಗಿತ್ತಿಯರು ಡಾಬಾದ ಪಕ್ಕ ಬಿಟ್ಟುಬಂದಿದ್ದ ಕೆಂಪು ಕಾರಿನ ಹತ್ತಿರ ಹೋದರು.

ಕಾವ್ಯಶ್ರೀ ಮೊಬೈಲ್ ಬೆಳಕು ಹಿಡಿದು ಮುಂದಿನ ಟೈರಿನ ಪಕ್ಕ ಕೂತಳು. "ಅಕ್ಕ, ಇಲ್ಲಿ ನಾಲ್ಕು ಅಂಕಿ ಐತಲ್ಲ, ಕೊನೇ ಎರಡು ಟೈರು ತಯಾರಾದ ಇಸವಿ. ಹದಿನಾಲ್ಕು ಅಂತೈತೆ. ಗಾಡಿ ಓಡಿಲ್ಲ, ಅದಕ್ಕೆ ಮೇಲ್ಗಡೆ ಹೊಸದಿದ್ದಂಗೆ ಕಾಣ್ತೈತೆ. ಪಕ್ಕದಾಗೆ ನೋಡ್ರಿ."

ಅನಿತಾ ಬೆರಳಿಟ್ಟಳು. ಒಣಗಿದ ಕೆರೆಯಂಗಳದಂತೆ ಉದ್ದಕ್ಕೂ ಸೀಳು.

"ನಿಂತಿದ್ದೇ ನಿಮ್ಮ ಪುಣ್ಯ. ಅದೇ ಸ್ಪೀಡಲ್ಲಿ ಇದು ಒಡೆದಿದ್ರೆ..." ಕಾವ್ಯಶ್ರೀ ಮೊಬೈಲ್ ಬೆಳಕು ಆರಿಸಿದಳು.

ಅನಿತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. "ನೀನು ಹೊಟ್ಟೆಕಿಚ್ಚಿಗೆ ಹೇಳ್ತೀಯ ಅಂದ್ಕಂಡೆ ಕಣವ್ವ. ಹೊಟ್ಟೆಕಿಚ್ಚು ನಂದೇ ಆಗಿತ್ತು."

"ನನಗೇನು ಇಲ್ಲ ಅಂದ್ಕಂಡ್ರಾ?" ಕಾವ್ಯಶ್ರೀ ನಕ್ಕಳು. "ಅತ್ತೆ ಕೂರೋದು ನನ್ನ ಕಾರಲ್ಲಿ. ದಾರಿ ತುಂಬಾ ಮಾತು ಮಾತ್ರ ನಿಮ್ದು. ಅನಿತಾ ಹೊಲಿದ ರವಿಕೆ, ಅನಿತಾ ಮಾಡಿದ ಸಾರು. ಒಂದಿನ ಅರ್ಧ ದಾರೀಲಿ ಇಳಿಸಿಬಿಡಾಣ ಅನ್ನಿಸಿತ್ತು!"

ಅಳುತ್ತಿದ್ದ ಅನಿತಾಳಿಗೂ ನಗು ಬಂತು.

ಕಾರನ್ನು ಹಿರಿಯೂರಿನ ಗ್ಯಾರೇಜಿನಲ್ಲೇ ಬಿಟ್ಟರು. ಇಂಜಿನ್ ತಣ್ಣಗಿಡುವ ಕೂಲಂಟ್ ತಳ ಕಂಡಿತ್ತು, ಅದರ ಪೈಪೂ ಬಿರಿದಿತ್ತು. ವಿಮೆ ಮುಗಿದು ಬಹಳ ದಿನವಾಗಿತ್ತು. ಪೈಪು, ಟೈರು, ಬ್ರೇಕು, ವಿಮೆ ಎಲ್ಲ ಸರಿಯಾದ ಮೇಲೆ ಕಾರು ತರಲು ವಾರಗಿತ್ತಿಯರಿಬ್ಬರೇ ಹೋದರು. ಅನಿತಾ ಓಡಿಸಿದಳು, ಕಾವ್ಯಶ್ರೀ ಪಕ್ಕದಲ್ಲಿ ಕೂತಳು. ಚಿತ್ರದುರ್ಗದಲ್ಲಿ ನಿಲ್ಲಿಸಿ ಊಟ ಮಾಡಿದರು, ಹೊಳಲ್ಕೆರೆಯಲ್ಲಿ ನಿಲ್ಲಿಸಿ ಟೀ ಕುಡಿದರು. ಊರು ಸೇರುವಾಗ ಕತ್ತಲಾಗಿತ್ತು, ಬೀದಿಯಲ್ಲಿ ನೋಡಲು ಯಾರೂ ಇರಲಿಲ್ಲ. ಬ್ಯಾಂಡೇಜ್ ಕೈಯ ಸಿದ್ದು ಎಡಗೈಯಲ್ಲಿ ಗೇಟು ತೆಗೆದ. ಅನಿತಾಳಿಗೆ ಅಷ್ಟೇ ಸಾಕೆನಿಸಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಹಳೆ ಕಾರು ಕೊಳ್ಳುವುದು ತಪ್ಪಲ್ಲ. ಆದರೆ ಕೊಂಡ ದಿನವೇ ದೂರದ ದಾರಿ ಹಿಡಿಯಬೇಡಿ. ಮೊದಲು ಮೆಕ್ಯಾನಿಕ್‌ಗೆ ತೋರಿಸಿ, ಟೈರಿನ ಇಸವಿ ಓದಿ, ಬ್ರೇಕು ಮತ್ತು ಕೂಲಂಟ್ ನೋಡಿಸಿ. ವಿಮೆ ಚಾಲ್ತಿಯಲ್ಲಿದೆಯೇ ಎಂದು ಕೇಳಿ, ಕಾಗದಪತ್ರಗಳನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ದಾರಿಯಲ್ಲಿ ಬಿಸಿಯ ಮುಳ್ಳು ಏರಿದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಆರಿಸಿ. ಅದು ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟಬೇಡಿ. ಎಲ್ಲರೂ ಬೆಲ್ಟ್ ಹಾಕಿಕೊಳ್ಳಿ, ಆಗಾಗ ಇಳಿದು ವಿಶ್ರಾಂತಿ ತೆಗೆದುಕೊಳ್ಳಿ.

ಎದುರುಮನೆಯವರು ಬುದ್ಧಿ ಹೇಳಿದಾಗ ಹೊಟ್ಟೆ ಉರಿದರೆ ಉರಿಯಲಿ ಬಿಡಿ, ಅದು ಮನುಷ್ಯರಿಗೆಲ್ಲ ಇರುವುದೇ. ಮಾತನ್ನು ಮಾತ್ರ ಕೇಳಿಸಿಕೊಂಡು ಹೊರಡಿ. ಮನೆಯವರು ಕಾಯುತ್ತಿರುವುದು ಕಾರಿಗಲ್ಲ, ನಿಮಗೆ.