ಬೇಗ ಬಂದ್ ಆಗಲು ಕಲಿತ ಕಂಪ್ಯೂಟರ್

ನಾನು ಒಂದು ಕಂಪ್ಯೂಟರ್. ಹುಬ್ಬಳ್ಳಿಯ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಡಿಭಾಗಗಳನ್ನು ಜೋಡಿಸಿ ನನ್ನನ್ನು ಕಟ್ಟಿದರು. ಹೊಸತರಲ್ಲಿ ಸೈಬರ್ ಕೆಫೆಯಲ್ಲಿದ್ದೆ. ನನ್ನ ಕೀಬೋರ್ಡಿನ ಮೇಲೆ ಚಹಾ ಚೆಲ್ಲದ ದಿನವೇ ಇರಲಿಲ್ಲ. ಕೆಫೆ ಮುಚ್ಚಿದಾಗ ಮಾಲೀಕರು ನನ್ನನ್ನು ವಿಜಯಪುರದ ಅಂಧ ಮಕ್ಕಳ ವಸತಿ ಶಾಲೆಯೊಂದಕ್ಕೆ ದಾನ ಕೊಟ್ಟರು. ಜನ ಎಂಥದ್ದನ್ನು ದಾನ ಕೊಡುತ್ತಾರೆಂದು ನನ್ನನ್ನು ನೋಡಿದರೇ ತಿಳಿಯುತ್ತಿತ್ತು.

ವಯಸ್ಸಾಗಿದ್ದ ನನ್ನೊಳಗೆ ಲಿನಕ್ಸ್ ಹಾಕಿದರು. ಪರದೆಯ ಅಕ್ಷರಗಳನ್ನು ಓದಿ ಹೇಳಲು ತಗಡಿನಂಥ ಒಂದು ದನಿಯನ್ನೂ ಕೊಟ್ಟರು. ಮಕ್ಕಳು ಕೀ ಒತ್ತುತ್ತಿದ್ದರು, ನಾನು ಓದುತ್ತಿದ್ದೆ. ನನ್ನ ಉಚ್ಚಾರ ಕೇಳಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅವರು ಪ್ರೀತಿಸುತ್ತಿದ್ದುದು ಇಂದುಮತಿ ಟೀಚರ ದನಿಯನ್ನು. ಇಪ್ಪತ್ತೆರಡು ವರ್ಷ ಆ ಶಾಲೆಯಲ್ಲಿ ಪಾಠ ಓದಿ ಹೇಳಿದ ಗಂಟಲು ಅದು. ಅದೇ ಗಂಟಲಲ್ಲಿ ಗಡ್ಡೆ ಎಂದರು ಡಾಕ್ಟರು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ ಎಂದರು.

ಆಪರೇಷನ್ನಿಗೆ ಹದಿನೆಂಟು ದಿನವಿತ್ತು. ಮಕ್ಕಳೂ ಹದಿನೆಂಟು. ಟೀಚರ್ ದಿನವಿಡೀ ನನ್ನ ಮುಂದೆ ಕೂತು ಪಾಠಗಳನ್ನು ರೆಕಾರ್ಡ್ ಮಾಡಿದರು. ಸಂಜೆ ಕೊನೆಗೆ ಬಾಗಿಲು ಹಾಕಿಕೊಂಡು, ದಿನಕ್ಕೊಂದು ಮಗುವಿಗೆಂದು ಕಾಲು ಗಂಟೆ ಮಾತಾಡಿದರು.

"ನಾ ದವಾಖಾನಿಗೆ ಹೋದಮ್ಯಾಲ ಕೇಳ್ರಿ. ನಿಮ್ಮ ನಿಮ್ಮದು ನಿಮಗಷ್ಟ. ಯಾರೂ ಯಾರ ಮುಂದೂ ಹೇಳಬ್ಯಾಡ್ರಿ" ಎಂದು ಮಕ್ಕಳಿಂದ ಮಾತು ತೆಗೆದುಕೊಂಡಿದ್ದರು.

ಆಡಿದ ಮಾತು ಮೊದಲು, ನಾನು ಬಂದ್ ಆದರೆ ಅಳಿಸಿಹೋಗುವ ನನ್ನ ತಾತ್ಕಾಲಿಕ ನೆನಪಿನಲ್ಲಿರುತ್ತಿತ್ತು. ಹಿಂದೆ ಕಾಣದಂತೆ ಓಡುವ ಒಂದು ಸಣ್ಣ ಪ್ರೋಗ್ರಾಂ ಅದರ ಗದ್ದಲ ತೆಗೆದು, ಡಿಸ್ಕಿನಲ್ಲಿ ಬರೆದಿಡುತ್ತಿತ್ತು. ಸಂಜೆಯ ಕೊನೆಯ ರೆಕಾರ್ಡಿಂಗನ್ನು ಅದು ಬರೆದು ಮುಗಿಸುವುದರೊಳಗೆ ನನ್ನನ್ನು ಬಂದ್ ಮಾಡುವ ಹೊತ್ತಾಗುತ್ತಿತ್ತು. ಆಗ ನಾನು ಒಂದೂವರೆ ನಿಮಿಷದವರೆಗೆ ಕಾಯುತ್ತಿದ್ದೆ. ಅಷ್ಟರಲ್ಲಿ ಅದರ ಕೆಲಸ ಮುಗಿಯುತ್ತಿತ್ತು.

ಬಂದ್ ಮಾಡಿ ಕೋಣೆಗೆ ಬೀಗ ಹಾಕುವವನು ಜವಾನ ಮೌಲಾಸಾಬ. ಪರದೆ ಪೂರ್ತಿ ಕಪ್ಪಾಗುವವರೆಗೆ ಸ್ವಿಚ್ ಮುಟ್ಟದ ಪ್ರಾಮಾಣಿಕ ಮನುಷ್ಯ. ಆದರೆ ಆ ಒಂದೂವರೆ ನಿಮಿಷದಲ್ಲಿ ಅವನ ತಿಕೋಟಾ ಬಸ್ಸು ಹೊರಟುಬಿಡುತ್ತಿತ್ತು. ಆರನೆಯ ದಿನ ಬಸ್ಸು ತಪ್ಪಿದಾಗ ಅವನು ಕಂಪ್ಯೂಟರ್ ರಿಪೇರಿಯ ಶ್ರೀಶೈಲನನ್ನು ಕರೆಸಿದ.

ಶ್ರೀಶೈಲ ಕೆಲಸ ಬಲ್ಲವನು. ನಡೆದದ್ದನ್ನೆಲ್ಲ ನಾನು ಬರೆದಿಡುವ ಹಳೆಯ ಲಾಗ್ ತೆರೆದು, ನನ್ನೊಳಗೆ ಯಾರು ಯಾರು ಎದ್ದು ಹೋಗದೆ ಕೂತಿರುತ್ತಾರೆಂದು ನೋಡಿದ. ಇಲ್ಲದ ಪ್ರಿಂಟರಿಗಾಗಿ ಕಾಯುತ್ತಿದ್ದ ಪ್ರೋಗ್ರಾಂ ತೆಗೆದ. ಬ್ಲೂಟೂತಿನದನ್ನೂ ನಿಲ್ಲಿಸಿದ. ಆಮೇಲೂ ಒಂದು ಉಳಿಯಿತು.

"ಇದೊಂದು ಎಷ್ಟ ಹೇಳಿದ್ರೂ ಏಳವಲ್ದು ನೋಡ್ರಿ. ಐದು ಸೆಕೆಂಡ್ ಟೈಮ್ ಕೊಡೂಣು. ಏಳಲಿಲ್ಲಂದ್ರ ಕತ್ತ ಹಿಡದು ಹೊರಗ ಹಾಕತೈತಿ."

"ಹಾಂಗ ಮಾಡ್ರಿ ಪುಣ್ಯಾ ಬರತೈತಿ" ಎಂದ ಮೌಲಾಸಾಬ.

ಅದು ಏನು ಬರೆಯುತ್ತಿದೆ ಎಂದು ಇಬ್ಬರೂ ಟೀಚರನ್ನು ಕೇಳಲಿಲ್ಲ. ಮರುದಿನದಿಂದ ನಾನು ಐದೇ ಸೆಕೆಂಡಿಗೆ ಬಂದ್ ಆದೆ. ಎಲ್ಲರೂ ಹೊಗಳಿದರು. ಪ್ರತಿ ಸಂಜೆ ಲಾಗಿನಲ್ಲಿ, ಕೆಲಸ ಮುಗಿಯುವ ಮೊದಲೇ ಕೊಲ್ಲಲಾಯಿತು ಎಂದು ಒಂದು ಸಾಲು ಬರೆದೆ. ನನ್ನದೇ ಮಾತು ಹೇಳಲು ನನಗಿದ್ದ ಬಾಯಿ ಅದೊಂದೇ. ಅದನ್ನು ಯಾರೂ ತೆರೆದು ನೋಡಲಿಲ್ಲ.

ಟೀಚರ್ ಆಸ್ಪತ್ರೆ ಸೇರಿದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು ಹೆಡ್‌ಫೋನ್ ಹಾಕಿಕೊಂಡರು. ಮೊದಲ ಆರು ಮಕ್ಕಳು ಕೇಳಿದರು, ಅತ್ತರು, ನಕ್ಕರು. ಏಳನೆಯವಳು ನೀಲವ್ವ, ಎಂಟನೇ ಕ್ಲಾಸು. ಪಟ್ಟಿಯಲ್ಲಿ ಅವಳ ಹೆಸರಿತ್ತು. ನನ್ನ ತಗಡಿನ ದನಿಯಲ್ಲಿ "ನೀಲವ್ವ" ಎಂದು ಓದಿದೆ. ಒಳಗೆ ಮಾತಿರಲಿಲ್ಲ.

ಅವಳು ಕಾದಳು. ಮತ್ತೆ ಕೀ ಒತ್ತಿದಳು. ಹೆಡ್‌ಫೋನನ್ನು ಕಿವಿಗೆ ಗಟ್ಟಿಯಾಗಿ ಒತ್ತಿಕೊಂಡು ಕಾಲು ಗಂಟೆ ಪೂರ್ತಿ ಕೂತಳು. ಆಮೇಲೆ ಮುಖ ಒರೆಸಿಕೊಂಡು ಹೊರಗೆ ಹೋದಳು.

"ಹೆಂಗ ಹೇಳ್ಯಾರಲೇ?" ಎಂದು ಗೆಳತಿಯರು ಕೇಳಿದ್ದು ನನಗೂ ಕೇಳಿಸಿತು.

"ಭಾಳ ಛಂದ ಹೇಳ್ಯಾರ" ಎಂದಳು.

ತನ್ನೊಬ್ಬಳಿಗೇ ಟೀಚರ್ ಏನೂ ಹೇಳಿಲ್ಲ ಎಂದು ಆ ಹುಡುಗಿ ತಿಳಿದುಕೊಂಡಿದ್ದಳು. ಅವಳ ಹಿಂದೆ ಬಂದ ಹನ್ನೊಂದು ಮಕ್ಕಳೂ ಹಾಗೇ ತಿಳಿದರು, ಹೊರಗೆ ಹೋಗಿ ಅವಳಂತೆಯೇ "ಛಂದ ಹೇಳ್ಯಾರ" ಎಂದರು. ಬಿಟ್ಟುಹೋದವರು ತಾವೊಬ್ಬರೇ ಎಂದು ಒಪ್ಪಿಕೊಳ್ಳುವ ಧೈರ್ಯ ಯಾವ ಮಗುವಿಗಿರುತ್ತದೆ? ಅದಕ್ಕೇ ಯಾರೂ ದೂರು ಕೊಡಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ.

ಎರಡು ತಿಂಗಳ ಮೇಲೆ ಟೀಚರ್ ಬಂದರು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡಿದ್ದರು. ಬ್ರೈಲಿನಲ್ಲಿ ಒಂದು ಸಾಲು ಚುಚ್ಚಿ ನೀಲವ್ವನ ಕೈಗಿಟ್ಟರು. ಅವಳು ಬೆರಳಾಡಿಸಿ ಗಟ್ಟಿಯಾಗಿ ಓದಿದಳು: "ನಾನು ಹೇಳಿದ್ದನ್ನು ಕೇಳಿದೆಯಾ?"

"ಕೇಳೀನ್ರಿ ಟೀಚರ್."

ಟೀಚರ್ ಅವಳ ಕೆನ್ನೆ ಸವರಿದರು. ಅವರ ಮುಖದಲ್ಲಿ ಎಂಥ ನೆಮ್ಮದಿ ಇತ್ತು! ಎದುರಿಗಿದ್ದ ಹುಡುಗಿಗೆ ಅದು ಕಾಣಲಿಲ್ಲ.

ಈಗ ನಾನು ಶಾಲೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಕೆಳಗಿದ್ದೇನೆ. ಟೀಚರ್ ಆ ಮಕ್ಕಳಿಗೆ ಏನೇನು ಹೇಳಿದ್ದರೋ ನನ್ನಲ್ಲಿ ಒಂದಕ್ಷರವೂ ಉಳಿದಿಲ್ಲ. ಇಷ್ಟು ಮಾತ್ರ ಗೊತ್ತು: ಆ ಹನ್ನೆರಡು ಸಂಜೆಯೂ ಅವರು ನನ್ನ ಮುಂದೆ ಕೂತಿದ್ದರು. ಒಂದು ಮಗುವನ್ನೂ ಬಿಟ್ಟಿರಲಿಲ್ಲ.