ಮಣಿಕಟ್ಟಿನ ಕರೆ

ಅಣ್ಣ ಮಾಲಿಂಗಪ್ಪನ ಹೆಣದ ಕಂಕುಳಿಗೆ ಶೆಟ್ಟೆಪ್ಪ ಕೈ ಹಾಕಿ ಎತ್ತಬೇಕು ಅನ್ನುವಷ್ಟರಲ್ಲಿ ಅತ್ತಿಗೆ ಸಾವಿತ್ರವ್ವ ಬಾಗಿಲಿಗೆ ಅಡ್ಡ ನಿಂತಳು. ಅಳಲಿಲ್ಲ. ಎಡಗೈ ಮುಂದೆ ಚಾಚಿದಳು. ಹಸಿರು ಬಳೆಗಳ ಪಕ್ಕ, ವಾಚ್ ಇರಬೇಕಾದ ಜಾಗದಲ್ಲಿ ಚರ್ಮ ಬೆಳ್ಳಗಿತ್ತು.

"ವೈನಿ, ಹೊತ್ತ ಮುಳುಗೂದರೊಳಗ ಮಣ್ಣ ಮಾಡಬೇಕ್ರಿ. ಬಾಜೂ ಸರೀರಿ."

ಸಾವಿತ್ರವ್ವನಿಗೆ ಕಿವಿ ಕೇಳುವುದಿಲ್ಲ. ಮದುವೆಯಾದ ಹೊಸತರಲ್ಲಿ ಬಂದ ಜ್ವರ ಅವಳನ್ನು ಉಳಿಸಿ ಕಿವಿ ಒಯ್ದಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಾಳೆ.

"ನನಗ ವಾಚ್ ಕಟ್ಟಲಾರದ ಇವರು ಒಂದಿನಾನೂ ಹೊಸ್ತಿಲಾ ದಾಟಿಲ್ಲ," ಅಂದಳು. "ಸಂಜಿಕೆ ಇವರು ಬರೂ ಹೊತ್ತಿಗೆ ಅದು ನನ್ನ ಕರೀತಿತ್ತು, ನಾ ಬಾಗಿಲಾ ತೆಗೀತಿದ್ನಿ. ಇವತ್ತೂ ಕರೀಲಿ. ಆಮ್ಯಾಲ ಒಯ್ರಿ."

ಕಿವುಡಿಗೆ ವಾಚಿನ ಅಲಾರಂ ಕರೆಯುತ್ತದಂತೆ! ನೆರೆದ ಮಂದಿ ಮುಖ ಮುಖ ನೋಡಿಕೊಂಡರು. ಪಾಪ, ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು.

ಗೋಡೆಗೆ ಒರಗಿಸಿ ಕೂರಿಸಿದ್ದ ಮಾಲಿಂಗಪ್ಪನ ಹಣೆ ತುಂಬ ಭಂಡಾರದ ಅರಿಸಿನ. ಕುರಿಯ ಹಲ್ಲು ನೋಡಿ ವಯಸ್ಸು ಹೇಳುವ ಮನೆತನದಲ್ಲಿ ಹುಟ್ಟಿ, ಘಟಪ್ರಭಾ ಸ್ಟೇಶನ್ನಿನ ಹತ್ತಿರ ಪುಟ್ಟ ಅಂಗಡಿಯಿಟ್ಟು, ವಾಚಿನ ಗಾಲಿಗಳ ಹಲ್ಲು ನೋಡುತ್ತ ಬದುಕಿದವನು. ಹೆಂಡತಿಯ ವಾಚನ್ನು ಮನೆಯಲ್ಲೇ ಬಿಚ್ಚಿ ತೊಳೆದು ಜೋಡಿಸುತ್ತಿರುವಾಗ ಎದೆ ಹಿಡಿದುಕೊಂಡಿದ್ದ. ಭಾಗಗಳೆಲ್ಲ ತಟ್ಟೆಯಲ್ಲಿ, ಬೋರಲು ಹಾಕಿದ ಗಾಜಿನ ಲೋಟದ ಕೆಳಗೆ ಹಾಗೇ ಇದ್ದವು.

ಹುಕ್ಕೇರಿಯಿಂದ ಬಂದಿದ್ದ ಗೆಳೆಯ ಸಿದ್ರಾಯ ಮುಂದೆ ಬಂದ. ಅವನದೂ ವಾಚ್ ರಿಪೇರಿಯ ಕಸುಬೇ.

"ನೀವ ಕುಂದರ್ರಿ ಅಕ್ಕಾರ. ನಾ ಜೋಡಸ್ತೇನಿ."

*

ಹಿಂದೊಮ್ಮೆ ಈ ವಾಚನ್ನು ಸಿದ್ರಾಯ ಕಿವಿಗೆ ಹಿಡಿದು ನಕ್ಕಿದ್ದ.

"ಮಾಲಿಂಗ್ಯಾ, ಮಂದೀ ವಾಚೆಲ್ಲಾ ರಿಪೇರಿ ಮಾಡ್ತಿ. ನಿನ್ನ ಹೆಂಡತಿ ವಾಚಿನ ಅಲಾರಂ ಮೂಗ ಆಗೇತಲ್ಲೋ. ನಾ ಸರಿ ಮಾಡ್ಲೇನು?"

"ಮುಟ್ಟಬ್ಯಾಡ. ಅದು ಸರೀನ ಐತಿ."

ಮಾಲಿಂಗಪ್ಪ ವಾಚ್ ಬಿಚ್ಚಿ ಭೂತಗನ್ನಡಿ ಅವನ ಕೈಗಿತ್ತ. "ಒಳಗ ನೋಡು, ಎರಡ ಸ್ಪ್ರಿಂಗ್ ಅದಾವ. ಒಂದು ಹೊತ್ತ ನಡಸೂದು, ಒಂದು ಕರಿಯೂದು. ಒಂದರ ಚಾವಿ ಮುಗದ್ರೂ ಇನ್ನೊಂದರದು ಉಳಿತೈತಿ. ಇದನ್ನ ಮಾಡಿದಾಂವ ಎಂಥಾ ಮನಷ್ಯಾ ಇರಬೇಕು?"

ಜೋಳದ ಕಾಳಿಗಿಂತ ಸಣ್ಣ ಸುತ್ತಿಗೆಯೊಂದು ಗಾಲಿಗಳ ನಡುವೆ ಬಾಗಿ ಕೂತಿತ್ತು. ಗುಡಿಯಲ್ಲಿ ನಿಂತವರ ಹಾಗೆ ಇಬ್ಬರೂ ಅದನ್ನೇ ನೋಡಿದರು.

*

ಈಗ ಸಿದ್ರಾಯನ ಕೈಯಲ್ಲಿ ಹೊತ್ತು ನಡೆಸುವ ಭಾಗದ ಜೋಡಣೆ ಮುಗಿದಿತ್ತು. ಚಿಮಟದಿಂದ ಸುತ್ತಿಗೆ ಎತ್ತಿ ಕೂರಿಸಿದ, ಸೂಜಿಯ ತುದಿಯಲ್ಲಿ ಎಣ್ಣೆ ಮುಟ್ಟಿಸಿದ. ಹಿಂದಿನ ಮುಚ್ಚಳ ಮಾತ್ರ ಯಾವುದೋ ಒರಟು ತಗಡು. ಅದನ್ನು ಆಚೆ ಸರಿಸಿ, ಮಾಲಿಂಗಪ್ಪನ ಡಬ್ಬಿಯಲ್ಲಿ ಹುಡುಕಿದ. ಸದ್ದು ಹೊರಬರಲು ತೂತುಗಳಿದ್ದ ಅಸಲಿ ಜೋಡು ಮುಚ್ಚಳ ಕಾಗದದಲ್ಲಿ ಸುತ್ತಿದ್ದು ಸಿಕ್ಕಿತು. ಹಾಕಿ ಬಿಗಿದು, ಚಾವಿ ಕೊಟ್ಟು, ಅಲಾರಮ್ಮಿನ ಮುಳ್ಳನ್ನು ಆ ಹೊತ್ತಿಗೇ ತಿರುಗಿಸಿ, ಅವಳ ಕೈಗೆ ಕಟ್ಟಿದ.

ವಾಚ್ ಕಿರ್ರೆಂದು ಕೂಗಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದವರೂ ತಿರುಗಿ ನೋಡಿದರು.

"ಆತಲ್ರಿ ವೈನಿ," ಅಂದ ಶೆಟ್ಟೆಪ್ಪ.

ಸಾವಿತ್ರವ್ವ ಅವರ ಮುಖಗಳನ್ನು ನೋಡಿದಳು. ಮಣಿಕಟ್ಟು ನೋಡಿದಳು. "ಇಲ್ಲ," ಅಂದಳು, "ಇದು ನನ್ನ ಕರೀವಲ್ದು." ಆಗ ಅವಳಿಗೆ ಅಳು ಬಂತು.

ಸಿದ್ರಾಯ ಆಚೆ ಸರಿಸಿದ್ದ ತಗಡನ್ನು ಮತ್ತೆ ಕೈಗೆತ್ತಿಕೊಂಡ. ತೂತಿಲ್ಲ. ಒಳಮೈಗೆ, ಸುತ್ತಿಗೆ ಬಡಿಯುವ ಕಡೆ, ಒಂದು ಮೊಳೆ ಬೆಸೆದಿದೆ. ಹೊರಮೈ ಅವಳ ಚರ್ಮಕ್ಕೆ ತಿಕ್ಕಿ ತಿಕ್ಕಿ ನುಣುಪಾಗಿದೆ. ಅದನ್ನೇ ಹಾಕಿ, ಮೊದಲು ತನ್ನ ಕೈಗೆ ಕಟ್ಟಿಕೊಂಡು ನೋಡಿದ. ಸದ್ದು ಇಲ್ಲವೆನ್ನುವಷ್ಟು. ಆದರೆ ಯಾರೋ ಬೆರಳ ತುದಿಯಿಂದ ಬಿಡದೆ ತಟ್ಟಿ ಕರೆದ ಹಾಗಾಯಿತು. ಕೂಗುವುದಕ್ಕೆಂದೇ ಹುಟ್ಟಿದ ಯಂತ್ರಕ್ಕೆ ಮಾಲಿಂಗಪ್ಪ ಮುಟ್ಟುವುದನ್ನು ಕಲಿಸಿದ್ದ.

"ಎಂಥಾ ಮನಷ್ಯಾ ಇದ್ದೆಪಾ ನೀನು," ಅಂದ ಸಿದ್ರಾಯ, ಗೋಡೆಗೊರಗಿದ ಗೆಳೆಯನ ಕಡೆ ನೋಡಿ.

ಮತ್ತೆ ಚಾವಿ ಕೊಟ್ಟು, ಮುಳ್ಳು ತಿರುಗಿಸಿ ಅವಳಿಗೆ ಕಟ್ಟಿದ. ಸಾವಿತ್ರವ್ವ ಥಟ್ಟನೆ ಗಂಡನ ಕಡೆ ತಿರುಗಿದಳು. ಮಂಡಿಯೂರಿ, ಆ ಮಣಿಕಟ್ಟನ್ನು ಅವನ ತಣ್ಣನೆಯ ಅಂಗೈಯಲ್ಲಿ ಇಟ್ಟಳು.

"ಹೋಗಿ ಬರ್ರಿ," ಅಂದಳು, ದಿನಾ ಬೆಳಗ್ಗೆ ಅನ್ನುತ್ತಿದ್ದ ಹಾಗೆ.

ವಾಚಿನ ಸದ್ದು ಯಾರಿಗೂ ಕೇಳಿಸಲಿಲ್ಲ. ಅದಕ್ಕೆ ತಾಗಿದ ಹಸಿರು ಬಳೆಗಳು ಮಾತ್ರ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು. ಶೆಟ್ಟೆಪ್ಪ ಕೈ ಕಟ್ಟಿ ನಿಂತ. ಸ್ಪ್ರಿಂಗ್ ಬಿಚ್ಚಿ ಮುಗಿದು ಬಳೆಗಳು ಸುಮ್ಮನಾದ ಮೇಲೆ ಅವಳು ಎದ್ದು, ತಾನೇ ಹೋಗಿ ಬಾಗಿಲನ್ನು ಪೂರ್ತಿ ತೆರೆದಳು.